ಎವಾಂಥಿಯಾ ಚಿಕ್ಕಮ್ಮನ ಎರಡು ಚೀಟಿ

ಶನಿವಾರ ಬಂತೆಂದರೆ ವೋಲೋಸ್ ಪಟ್ಟಣದ ದಿನಸಿ ವ್ಯಾಪಾರಿ ಪ್ರೊಕೋಪಿಸನಿಗೆ ತಲೆನೋವು. ಚರ್ಚಿನಲ್ಲಿ ಮುದುಕರಿಗೆ ಊಟ ಹಾಕುವ ಎವಾಂಥಿಯಾ ಚಿಕ್ಕಮ್ಮ, ಎಂಬತ್ತೈದರ ಹರೆಯದವಳು, ದಾನ ಕೇಳಲು ಬರುತ್ತಾಳೆ. ಕೊಟ್ಟ ಕಡಲೆಯನ್ನೂ ಕಚ್ಚಿ ನೋಡುತ್ತಾಳೆ. "ಇದು ಬೇಯಲ್ಲ ಕಣೋ, ಪಾಪ, ಮುದುಕರಿಗೆ ಹಲ್ಲಿಲ್ಲ!" "ಅವರೆಲ್ಲ ನಿಮಗಿಂತ ಚಿಕ್ಕವರು, ಚಿಕ್ಕಮ್ಮ!" "ಅದಕ್ಕೇ ನಂಗೆ ಅವರ ಚಿಂತೆ." ಆಮೇಲೆ, ಪಾದ್ರಿ ಪ್ರಾರ್ಥನೆಯಲ್ಲಿ ಓದಲೆಂದು ದಾನಿಯ ಮನೆಯವರ ಹೆಸರು ಬರೆಯುತ್ತಾಳೆ: ಬದುಕಿರುವವರಿಗೊಂದು ಚೀಟಿ, ಸತ್ತವರಿಗೊಂದು. ಪ್ರತಿವಾರವೂ ತಪ್ಪು. ಹೋದ ವಾರ ಪ್ರೊಕೋಪಿಸನೇ ಸತ್ತವರಲ್ಲಿದ್ದ. ಈ ವಾರ, ಚಳಿಗಾಲದಲ್ಲಿ ತೀರಿಕೊಂಡ ಅವನ ತಾಯಿ ಅಸಿಮಿನಾ ಬದುಕಿರುವವರಲ್ಲಿದ್ದಳು. ಅವನು ರೇಗಿ ಪೆನ್ನು ಕಿತ್ತುಕೊಂಡ. "ಇದು ತಪ್ಪಲ್ಲ ಕಣೋ," ಎಂದಳು ಚಿಕ್ಕಮ್ಮ. "ಚರ್ಚಿನ ಊಟದಲ್ಲಿ ನನ್ನ ಪಕ್ಕ ಅವಳ ತಟ್ಟೆ ಇನ್ನೂ ಇಡ್ತೀನಿ." ಪ್ರೊಕೋಪಿಸ ಪೆನ್ನು ಹಿಂದಿರುಗಿಸಿ, ತನ್ನ ಮನೆಗೆಂದು ತೆಗೆದಿಟ್ಟಿದ್ದ ಒಳ್ಳೆಯ ಕಡಲೆಯ ಚೀಲ ಬಿಚ್ಚಿದ.