ಬರ್ಫಿನ ಕಾರ್ಖಾನೆಗೆ ಹೋದ ಪೀಟ್

ವಾಸಂತಿಯ ತಂದೆ ಗುಲ್ಬರ್ಗಾದವರು. ರಕ್ಷಣಾ ಕಾರ್ಖಾನೆಯ ನೌಕರಿಗೆಂದು ಹೈದರಾಬಾದಿಗೆ ಬಂದವರು. ಜೊತೆಗೆ ಓದಿದವರೆಲ್ಲ ಕಂಪ್ಯೂಟರ್ ಕಲಿತು ಮಾಧಾಪುರದ ಕಂಪನಿಗಳಿಗೆ ಸೇರಿದರೂ ಅವಳು ಸಸ್ಯಶಾಸ್ತ್ರ ಬಿಡಲಿಲ್ಲ. ನಾಚಾರಂ ಹತ್ತಿರದ ಪ್ರಯೋಗಾಲಯದಲ್ಲಿ ಪೀಟ್ ತೊಳೆಯುವುದು ಅವಳ ಕೆಲಸ. ಪೀಟ್ ಎಂದರೆ ಜೌಗಿನಲ್ಲಿ ಪೂರ್ತಿ ಕೊಳೆಯದೆ ಪದರಪದರವಾಗಿ ಕೂತ ಗಿಡಗಳ ಕಪ್ಪು ರಾಶಿ. ಉತ್ತರ ಧ್ರುವದ ಸೀಮೆಯಿಂದ ಬಂದ ಆ ರಾಶಿಯಲ್ಲಿ ಸಿಕ್ಕ ಎಲೆ, ಬೀಜ ನೋಡಿ, ಹಿಂದೆ ಅಲ್ಲಿ ಎಷ್ಟು ಚಳಿಯಿತ್ತೆಂದು ಹೇಳುತ್ತಿದ್ದಳು.

ಒಂದು ಹಳೆಯ ಪದರದಲ್ಲಿ ಭೂರ್ಜ, ಅಂದರೆ ಬರ್ಚ್ ಮರದ ಬೀಜ ಸಿಕ್ಕಿತು. ಈಗ ಒಂದು ಮರವೂ ಇಲ್ಲದ ನೆಲ ಅದು. ಒಂದು ಕಾಲಕ್ಕೆ ಅಲ್ಲಿ ಬೆಚ್ಚಗಿತ್ತೆಂದು ಬರೆಯಲು ಮುಖ್ಯಸ್ಥ ಶ್ರೀನಿವಾಸ ತುದಿಗಾಲಲ್ಲಿದ್ದರು. ವಾಸಂತಿಗೆ ಅನುಮಾನ. ಬೀಜ ಗಾಳಿಗೆ ದೂರದಿಂದ ಹಾರಿ ಬಂದಿರಬಹುದು. ಎಲೆಯೋ ತೊಗಟೆಯೋ ಸಿಗಬೇಕು. ಆ ಪದರದ ಒಂದೇ ತುಂಡು ಉಳಿದಿತ್ತು.

ಮೇ ತಿಂಗಳ ಮಧ್ಯಾಹ್ನ, ಇಂಟರ್ನೆಟ್ ಕೇಬಲ್ಲಿಗಾಗಿ ರಸ್ತೆ ಅಗೆಯುತ್ತಿದ್ದವರು ಕರೆಂಟಿನ ತಂತಿ ಕಡಿದರು. ಜನರೇಟರ್ ಚಾಲೂ ಆಗಲಿಲ್ಲ. ಪೀಟ್ ಇಟ್ಟಿದ್ದ ಶೀತಲ ಕೋಣೆಯ ಗೋಡೆಯಲ್ಲಿ ನೀರಿಳಿಯತೊಡಗಿತು. ಬೂಸ್ಟು ಹತ್ತಿದರೆ ಪೀಟಿನ ವಯಸ್ಸು ಅಳೆಯುವುದೇ ಕೆಡುತ್ತದೆ.

"ನಾಳೀ ತನಕಾ ಕರೆಂಟ್ ಬರೂದಿಲ್ಲಂತ. ಈಗ್ಲೇ ತೊಳದು ನೋಡಿಬಿಡ್ರಿ," ಎಂದರು ಶ್ರೀನಿವಾಸ.

"ಅವಸರದಾಗ ತೊಳದ್ರ ಇದ್ದದ್ದೂ ಹರಕೊಂಡು ಹೋಗ್ತೈತ್ರಿ ಸರ."

ಅವಳು ತುಂಡನ್ನು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಆಟೋ ಹತ್ತಿದಳು. ಟ್ರಾಫಿಕ್ಕಿನಲ್ಲಿ ಆಟೋ ನಿಂತೇಬಿಟ್ಟಿತು. ಡಬ್ಬಿಯ ಸುತ್ತ ಕಟ್ಟಿದ್ದ ಮಂಜುಗಡ್ಡೆ ಕರಗಿ ಅವಳ ಮೊಣಕಾಲು ತೋಯಿಸಿತು. ಕೊನೆಗೆ ಇಳಿದು, ಡಬ್ಬಿ ಎದೆಗವಚಿಕೊಂಡು ಕೈಗಾರಿಕಾ ಎಸ್ಟೇಟಿನಲ್ಲಿ ಮಂಜುಗಡ್ಡೆ ತಯಾರಿಸುವ ಬರ್ಫಿನ ಕಾರ್ಖಾನೆಗೆ ಓಡಿದಳು.

ಮಾಲೀಕ ಕಲ್ಯಾಣಪ್ಪ ರಾಯಚೂರಿನವರು. "ಏನ್ರೀ ಇದು? ನನ್ನ ಬರ್ಫಿನಾಗ ಮಣ್ಣ ಇಡ್ತೀರೇನು?" ಎಂದು ಮುಚ್ಚಳ ಎತ್ತಿದರು.

"ಮುಚ್ರೀ ಕಾಕಾ!" ವಾಸಂತಿ ಅವರ ಕೈಯನ್ನೇ ಸರಿಸಿದಳು. "ಬಿಸಿ ಗಾಳಿ ಹೊಗಾಕತ್ತೈತಿ. ಸಾವಿರಾರು ವರ್ಷದ ಗಿಡಾರಿ ಇದು. ಹೋತಂದ್ರ ಮತ್ತ ಸಿಗೂದಿಲ್ಲ."

ಅವಳು ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಕಲ್ಯಾಣಪ್ಪ ಒಳಗೆ ಜಾಗ ಮಾಡುವಂತೆ ತೆಲುಗಿನಲ್ಲಿ ಆಳುಗಳಿಗೆ ಕೂಗಿದರು.

ಮರುದಿನ ಡಬ್ಬಿ ತೆರೆಯುವಾಗ ಶ್ರೀನಿವಾಸ ಪಕ್ಕದಲ್ಲೇ ನಿಂತಿದ್ದರು. ಬೂಸ್ಟು ಹತ್ತಿರಲಿಲ್ಲ. ವಾಸಂತಿ ವಾರಗಟ್ಟಲೆ ಸೂಕ್ಷ್ಮದರ್ಶಕದಡಿ ಚೂರು ಚೂರು ಹೆಕ್ಕಿದಳು. ತೊಗಟೆ ಸಿಗಲಿಲ್ಲ, ಭೂರ್ಜದ ಎಲೆಯೂ ಇಲ್ಲ. ಇದ್ದದ್ದು ಹಾವಸೆ, ಮತ್ತು ಕೊರೆಯುವ ಚಳಿಯಲ್ಲಿ ನೆಲಕ್ಕಂಟಿ ಬೆಳೆಯುವ ವಿಲೋ ಗಿಡದ ಎಲೆಗಳು.

"ಅಂದ್ರ ಮರ ಇರಲಿಲ್ಲ?"

"ಇತ್ತು ಅನ್ನಾಕ ಆಧಾರ ಇಲ್ರಿ ಸರ."

ಶ್ರೀನಿವಾಸ ಕೆಲವು ದಿನ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಆದರೆ ಲೇಖನದಲ್ಲಿ ಅವಳು ಕಂಡದ್ದನ್ನೇ ಬರೆದರು. ಮುಂದಿನ ವರ್ಷ ಹೊಸ ಪೀಟ್ ಬಂದಾಗ, ಪೆಟ್ಟಿಗೆಯನ್ನು ಒಡೆಯದೆ ಮೊದಲು ಅವಳ ಮೇಜಿಗೇ ಕಳಿಸಿದರು.