ಬೇರು ಕೊಯ್ದ ಅಣಬೆ

ಚಿಕ್ಕಪಡಸಲಗಿಯ ಸಾತವ್ವ ನಲವತ್ತು ಮಳೆಗಾಲ ಹುತ್ತದ ಅಣಬೆ ಕಿತ್ತು ತಂದವಳು. ಅವಳ ಪರೀಕ್ಷೆ ಒಂದೇ: ಕಾಂಡದ ಕೆಳಗೆ ಗೇಣುದ್ದ ಬೇರಿರಬೇಕು, ಅದು ಹುತ್ತದೊಳಗೆ ಇಳಿದಿರಬೇಕು. ಬೇರಿಲ್ಲದ್ದು ಎಷ್ಟೇ ಚೆಲುವಾಗಿದ್ದರೂ ಬದುವಿನಲ್ಲೇ ಉಳಿಯುತ್ತಿತ್ತು.

ಮನೆಗೆ ತಂದ ಅಣಬೆಗೆ ಅವಳು ನೀರು ಮುಟ್ಟಿಸುವುದಿಲ್ಲ. ನೀರು ಕುಡಿದದ್ದು ಒಣಗುವ ಮೊದಲೇ ಕಪ್ಪಾಗಿ ನಾರುತ್ತದೆ. ಮಣ್ಣನ್ನು ಚಾಕುವಿನಿಂದ ಹೆರೆದು, ಕೊಡೆಯನ್ನು ಮೆತ್ತನೆಯ ಅರಿವೆಯಿಂದ ಒರೆಸಿ, ಉದ್ದಕ್ಕೆ ಸೀಳಿ ಹುಳ ನೋಡುತ್ತಾಳೆ. ಒಂದು ರಾತ್ರಿ ಬಿಳಿ ಧೋತರದ ಮೇಲೆ, ಕೊಡೆಯ ಪದರು ಕೆಳಗಾಗಿ ಹರವುತ್ತಾಳೆ. ಮರುದಿನ ಮಗ್ಗದ ನೂಲಿಗೆ ಪೋಣಿಸಿ ಮಾಳಿಗೆಯ ಬಿಸಿಲಿಗೆ, ಆಮೇಲೆ ಒಲೆಯ ಮೇಲಿನ ಹೊಗೆಗೆ. ಮುರಿದರೆ ಹಪ್ಪಳದಂತೆ ಸದ್ದಾದಾಗ ಉಪ್ಪು ಹಾಸಿದ ಭರಣಿಗೆ.

ಹೋದ ವರ್ಷ ಅವಳ ಮೊಣಕಾಲು ಊದಿತು. ಪಕ್ಕದ ಮನೆಯ ಮಾಯವ್ವ ಹೊಲಕ್ಕೆ ಹೋಗಿ ಬುಟ್ಟಿ ತುಂಬ ತಂದಳು. ಕಾಂಡದ ಬುಡವನ್ನೆಲ್ಲ ಕುಡುಗೋಲಿನಿಂದ ಸಮನಾಗಿ ಕೊಯ್ದಿದ್ದಳು.

“ಬೇರ ಎಲ್ಲಿ ಬೇ?”

“ಹೊಲದಾಗ ಕೊಯ್ದ ಒಗದೆ. ಮಣ್ಣ ಹೊಸ್ತಿಲಾ ದಾಟಬಾರದಂತ ವರ್ಷಾ ನೀನ ಬಾಯಿ ಮಾಡ್ತಿ. ಈಗ ಬೇರಿಗೂ ಅಳಾಕತ್ತಿ!”

“ಎಲ್ಲಾ ಹುತ್ತದ ಮ್ಯಾಲಿನವ ಹೌದಿಲ್ಲೋ?”

“ಹುತ್ತದ ಮ್ಯಾಲ, ಹುತ್ತದ ಬಾಜೂಕ. ಎಲ್ಲಾ ಅಕ್ಕತಂಗೇರ ಇದ್ದಂಗ ಇದ್ದುವು.”

ಸಾತವ್ವ ಆ ಬುಟ್ಟಿಯನ್ನು ಹಿಂದಕ್ಕೆ ಕಳಿಸಬೇಕಿತ್ತು. ಅಲೆದು ಬಂದವಳ ಮುಖ ನೋಡಿ ಕಳಿಸಲಿಲ್ಲ.

ಮರುದಿನ ಬೆಳಿಗ್ಗೆ ಎಂಟು ಸರಗಳಾದವು. ರಬಕವಿಯಲ್ಲಿ ಪವರ್‌ಲೂಮ್ ನಡೆಸುವ ಅಳಿಯ ಪರಮಾನಂದ ನೂಲು ಕೊಡಲು ಬಂದವನು ಒಂದು ಸರ ಕೇಳಿದ.

“ಇನ್ನೂ ಒಣಗಿಲ್ಲರೀ.”

“ಒಣಗೂತನಾ ಕಾದ್ರ ನಿಮ್ಮ ಮಗಳು ನನ್ನನ್ನ ನೂಲಿಗಿ ಪೋಣಸ್ತಾಳ್ರಿ, ಅತ್ತಿ.”

ಅವನು ಒಂದು ಸರ ತೆಗೆದುಕೊಂಡು ಬೈಕಿನಲ್ಲಿ ಹೋದ ಮೇಲೆ ಸಾತವ್ವ ಧೋತರ ಝಾಡಿಸಲು ಎತ್ತಿದಳು. ಹುತ್ತದ ಅಣಬೆ ಬಟ್ಟೆಯ ಮೇಲೆ ತಿಳಿಗುಲಾಬಿ ಪುಡಿ ಉದುರಿಸುತ್ತದೆ. ಒಂದು ಮೂಲೆಯಲ್ಲಿ ನಾಲ್ಕು ಗುರುತುಗಳು ಹಸಿರಾಗಿದ್ದವು, ಪಾಚಿಯ ಹಸಿರು. ಹಸಿರು ಪುಡಿ ವಿಷದ್ದೆಂದು ಅವಳಿಗೆ ಅವಳ ಅತ್ತೆ ತೋರಿಸಿಕೊಟ್ಟಿದ್ದಳು. ಆ ನಾಲ್ಕು ಯಾವ ಸರದಲ್ಲಿವೆ? ಬೇರಿದ್ದಿದ್ದರೆ ಒಂದೇ ನೋಟಕ್ಕೆ ಹೇಳುತ್ತಿದ್ದಳು.

ಮಗಳು ಅಂಜನಾಳಿಗೆ ಫೋನ್ ಹಚ್ಚಿದಳು. ರಿಂಗಾಗಿ ನಿಂತಿತು. ಅಳಿಯನೂ ಎತ್ತಲಿಲ್ಲ. ಅವರ ಅಡುಗೆಮನೆಯ ಗೋಡೆಯಾಚೆ ಎಂಟು ಮಗ್ಗ ಓಡುತ್ತವೆ. ಆ ಸದ್ದಿನಲ್ಲಿ ಎದುರಿಗಿದ್ದವರ ಕೂಗೂ ಕೇಳಿಸುವುದಿಲ್ಲ. ಹನ್ನೊಂದು ಸಲ ಹಚ್ಚಿದಳು. ಸುದ್ದಿ ತಿಳಿದು ಬಂದ ಮಾಯವ್ವ ಎದುರು ಕುಳಿತು ಸೆರಗಿನ ತುದಿ ಹಿಂಡುತ್ತಿದ್ದಳು.

ಹನ್ನೆರಡನೆಯ ಸಲ ಅಂಜನಾ ಎತ್ತಿದಳು. ಅವಳ ದನಿಯ ಹಿಂದೆ ಮಗ್ಗದ ಸದ್ದೇ ಇರಲಿಲ್ಲ.

“ಕರೆಂಟ್ ಹೋತವ್ವಾ, ಈಗ ಫೋನ್ ಕೇಳ್ತು. ಏನಾತು?”

“ಅಣಬಿ ತಿನ್ನಬ್ಯಾಡ್ರಿ!”

“ನಾ ಇನ್ನೂ ಉಂಡಿಲ್ಲ. ಅವರು ಉಂಡ ಎದ್ದಾರ.”

“ಉಳದದ್ದ ಚೆಲ್ಲಬ್ಯಾಡ. ಡಬ್ಬಿಗಿ ಹಾಕ್ಕೊಂಡ ಅವರನ್ನ ದವಾಖಾನಿಗಿ ಕರಕೊಂಡ ಹೋಗ. ಈಗ. ವಾಂತಿ ಆಗೂತನಾ ಕಾಯಬ್ಯಾಡ.”

ಮೂರು ಗಂಟೆಗೆ ಅಂಜನಾಳೇ ಫೋನ್ ಮಾಡಿದಳು. ವಾಂತಿ ನಿಲ್ಲುತ್ತಿಲ್ಲ, ಸಲೈನ್ ಹಚ್ಚಿದ್ದಾರೆ, ಡಾಕ್ಟರು ನಾಳೆಯವರೆಗೆ ಏನೂ ಹೇಳುವುದಿಲ್ಲ.

ಸಾತವ್ವ ಏಳೂ ಸರಗಳನ್ನು ಹಿತ್ತಲಲ್ಲಿ ಬೆಂಕಿಗೆ ಹಾಕಿದಳು. ಹಸಿ ಅಣಬೆ ಸುಲಭಕ್ಕೆ ಉರಿಯಲಿಲ್ಲ.

“ಇದರಾಗ ಛಲೋವು ಎಷ್ಟ ಇದ್ದುವು?” ಮಾಯವ್ವ ಮೆಲ್ಲಗೆ ಕೇಳಿದಳು.

“ಗೊತ್ತಿಲ್ಲ. ಅದಕ್ಕ ಸುಡಾಕತ್ತೇನಿ.”

ಪರಮಾನಂದ ನಾಲ್ಕನೆಯ ದಿನ ದವಾಖಾನೆಯಿಂದ ಮನೆಗೆ ಬಂದ.

ಈ ಮಳೆಗಾಲ ಮಾಯವ್ವ ಬೇರು ಸಮೇತ ಕಿತ್ತ ಅಣಬೆಯ ಬುಟ್ಟಿ ಹೊತ್ತು, ಮಣ್ಣು ಉದುರಿಸುತ್ತಲೇ ಹೊಸ್ತಿಲು ದಾಟಿದಳು. ಸಾತವ್ವ ಒಂದೊಂದನ್ನೂ ತಿರುಗಿಸಿ ನೋಡಿದಳು. ಮೂರಕ್ಕೆ ಬೇರಿರಲಿಲ್ಲ.

“ಕೀಳುವಾಗ ಮುರದಿರಬೇಕ,” ಅಂದಳು ಮಾಯವ್ವ.

ಸಾತವ್ವ ಮೂರನ್ನೂ ಒಲೆಗೆ ಹಾಕಿದಳು. ಆಮೇಲೆ ಬುಟ್ಟಿಯಲ್ಲಿದ್ದ ಒಂದೊಂದರ ಬೇರನ್ನೂ ಮತ್ತೆ ಮೊದಲಿನಿಂದ ನೋಡತೊಡಗಿದಳು.