ಕರುಳಿನ ತಂತಿ

ಕಂಪ್ಯೂಟರಿನವರಿಗೆ ವೈಟುಕೆ ಗಡಿಬಿಡಿಯ ಆ ವರ್ಷಗಳಲ್ಲಿ ಗಂಡ ಮನೆಗೆ ಬರುತ್ತಿದ್ದುದೇ ಉಣ್ಣಲಿಕ್ಕೆ, ಮಲಗಲಿಕ್ಕೆ. ಸಮರ್‌ಸೆಟ್ಟಿನ ಅಪಾರ್ಟ್‌ಮೆಂಟಿನಲ್ಲಿ ಉಳಿಯುತ್ತಿದ್ದವರು ಡಿಪೆಂಡೆಂಟ್ ವೀಸಾದ ನಾನು, ಆರು ತಿಂಗಳಿಗೆಂದು ಬಂದ ಅತ್ತೆ. ಧಾರವಾಡದಿಂದ ತಂದ ನನ್ನ ತಂಬೂರಿ ವಿಮಾನದಲ್ಲೇ ಒಡೆದಿತ್ತು. ಶ್ರುತಿಯಿಲ್ಲದೆ ಹಾಡಲು ನನಗೆ ಬರುವುದಿಲ್ಲ. ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ಹಾಡಲು ಬಾಯಿ ತೆರೆದಿರಲಿಲ್ಲ.

ಹೋಬೋಕನ್ನಿನ ಗರಾಜ್ ಸೇಲೊಂದರಲ್ಲಿ ಹರ್ಡಿ-ಗರ್ಡಿ ಎಂಬ ಹಳೆಯ ವಾದ್ಯ ಸಿಕ್ಕಿತು. ಮರದ ಪೆಟ್ಟಿಗೆ, ಅದರಲ್ಲೊಂದು ಚಕ್ರ. ಹಿಡಿ ತಿರುಗಿಸಿದರೆ ಚಕ್ರ ತಂತಿಗಳನ್ನು ಉಜ್ಜಿ ಎಡೆಬಿಡದೆ ನಾದ ಹೊರಡಿಸುತ್ತದೆ. ತಂತಿಗಳು ಹರಿದುಹೋಗಿದ್ದವು. ತಂಬೂರಿಯ ಉಕ್ಕಿನ ತಂತಿ ಹಾಕಿದೆ, ಕಿರ್ರೆಂದಿತು. ವಯಲಿನ್ ಅಂಗಡಿಯವನು ದಪ್ಪನೆಯ ಎರಡು ಗಟ್ ಸ್ಟ್ರಿಂಗ್ ಕೊಟ್ಟು, ಚಕ್ರ ತಾಗುವಲ್ಲಿ ಹತ್ತಿ ಸುತ್ತು ಎಂದ. ಗಟ್ ಎಂದರೇನೆಂದು ನಾನು ಕೇಳಲೂ ಇಲ್ಲ, ಪೆದ್ದಿ. ಮನೆಯಲ್ಲಿದ್ದುದು ಅತ್ತೆಯ ದೇವರ ಬತ್ತಿಯ ಹತ್ತಿ. ಅದನ್ನೇ ಹಿಂಜಿ ಸುತ್ತಿ ರಾಳ ಹಚ್ಚಿದೆ. ಹತ್ತಿ ಹೆಚ್ಚಾದರೆ ಗೊಗ್ಗರು, ಕಡಿಮೆಯಾದರೆ ಚೀರಾಟ. ಕೊನೆಗೊಂದು ಮಧ್ಯಾಹ್ನ ನನ್ನ ಷಡ್ಜ ಬಂತು. ಅತ್ತುಬಿಟ್ಟೆ. ಶನಿವಾರ ಬ್ರಿಡ್ಜ್‌ವಾಟರಿನ ಗುಡಿಯಲ್ಲಿ ಹಾಡುತ್ತೇನೆಂದು ಅಲ್ಲಿಯ ಆಂಟಿಯೊಬ್ಬರಿಗೆ ಫೋನ್ ಮಾಡಿ ಹೇಳಿದೆ.

ಶುಕ್ರವಾರ ಊಟಕ್ಕೆ ಕೂತಾಗ ಗಂಡ ತಂತಿಯ ಖಾಲಿ ಕವರ್ ಓದಿ ನಗತೊಡಗಿದ.

"ಅವ್ವಾ, ಇದು ಕುರಿ ಕರುಳು. ನಿನ್ನ ದೇವರ ಹತ್ತಿ ಸುತ್ಯಾಳ ನೋಡು."

ಮಜಾ ನೋಡಲೆಂದೇ ಹೇಳಿದ, ಬೇರೆ ಕಾರಣವಿರಲಿಲ್ಲ.

ಅತ್ತೆ ತಟ್ಟೆ ಸರಿಸಿ ಎದ್ದರು. ಅಡುಗೆಮನೆಯ ಕತ್ತರಿ ತಂದು ಎರಡೂ ತಂತಿ ಕತ್ತರಿಸಿ ಗಾರ್ಬೇಜಿಗೆ ಹಾಕಿದರು, ಕತ್ತರಿಯನ್ನೂ ಹಿಂದೆಯೇ ಎಸೆದರು. ನನಗೆ ತಲೆಯ ಮೇಲೆ ತಣ್ಣೀರು ಹಾಕಿಕೊಂಡು ಬಾ ಎಂದರು. ಹೊರಗೆ ಸ್ನೋ ಬೀಳುತ್ತಿತ್ತು. ಗಂಡ ಮೊಸರನ್ನ ಕಲಸುತ್ತಿದ್ದ.

ನಿಮ್ಮ ಮಗ ಆಫೀಸಿನವರ ಜೊತೆ ಕೂತು ಕುರಿ ಮಾಂಸವನ್ನೇ ತಿನ್ನುತ್ತಾರೆ, ಬೇಕಾದರೆ ಕೇಳಿ ಎಂದೆ. ಕಲಸುತ್ತಿದ್ದ ಕೈ ನಿಂತಿತು. ಅತ್ತೆ ಮಗನ ಕಡೆ ತಿರುಗಿಯೂ ನೋಡಲಿಲ್ಲ.

"ಗೊತ್ತದ," ಎಂದರು. "ಅವ ತಿಂದು ಬಾಯಿ ಒರಸ್ಕೋತಾನ. ನಿನ್ನಂಗ ಗುಡಿಯಾಗ ಕೂತು ಬಾರಸಂಗಿಲ್ಲ."

ಶನಿವಾರ ಗುಡಿಯಲ್ಲಿ ನನ್ನ ಗಂಟಲು ಕೆಟ್ಟಿದೆ ಎಂದು ಅತ್ತೆಯೇ ಎಲ್ಲರಿಗೂ ಹೇಳಿದರು. ಪ್ರಸಾದದ ಮೇಜಿನ ಹಿಂದೆ ನಿಲ್ಲಿಸಿ ಕೈಗೆ ಪುಳಿಯೋಗರೆಯ ಸೌಟು ಕೊಟ್ಟರು. ಗಂಡ ಎರಡು ಸಲ ಬಂದು ಹಾಕಿಸಿಕೊಂಡ.